ಸೆಲ್ಯುಲರ್ ಜೈಲಿನ ನಾಲ್ಕು ಸಾಲು ಎಲ್ಲಿ ಹೋದವು?

ನಿಮ್ಮದು ಎರಡು ಪ್ರಶ್ನೆ: ಅಂಡಮಾನಿನ ಪೋರ್ಟ್ ಬ್ಲೇರಿನ (ಈಗ ಶ್ರೀ ವಿಜಯಪುರಂ) ಸೆಲ್ಯುಲರ್ ಜೈಲಿಗೆ ಕೋಣೆಗಳ ಏಳು ಸಾಲು ಕಟ್ಟಡ ಅಂತಾರೆ, ಚಿತ್ರದಲ್ಲಿ ಮೂರೇ ಯಾಕೆ? 1857ರ ಬಂಡಾಯಗಾರರನ್ನು ಇಟ್ಟಿದ್ದು ಇಲ್ಲೇನಾ?

ಎರಡನೆಯದಕ್ಕೆ ಉತ್ತರ, ಅಲ್ಲ. ಅವರನ್ನು 1858ರಿಂದಲೇ ಅಂಡಮಾನಿಗೆ ಸಾಗಿಸಿದ್ದು ನಿಜ, ಆದರೆ ಈ ಕಟ್ಟಡ ಶುರುವಾಗಿದ್ದು 1896ರಲ್ಲಿ, ಮುಗಿದದ್ದು 1906ರಲ್ಲಿ. ಈ ಗೊಂದಲ ಬಹಳ ಜನಕ್ಕಿದೆ.

ನಡುವೆ ಕಾವಲು ಗೋಪುರ, ಅದರಿಂದ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಏಳು ಸಾಲು, ಪ್ರತಿಯೊಂದೂ ಮೂರಂತಸ್ತು. ಒಂದು ಸಾಲಿನ ಮುಂಭಾಗಕ್ಕೆ ಕಾಣುವುದು ಪಕ್ಕದ ಸಾಲಿನ ಬೆನ್ನು ಮಾತ್ರ. ಹಾಗಾಗಿ ಕೈದಿಗೆ ಕೈದಿಯ ಮುಖ ಕಾಣದು, ಸನ್ನೆಗೂ ದಾರಿಯಿಲ್ಲ. ಕೋಣೆ ಸುಮಾರು 4.5 ಮೀಟರ್ ಉದ್ದ, 2.7 ಮೀಟರ್ ಅಗಲ; ಗಾಳಿಕಿಂಡಿ ಸುಮಾರು 3 ಮೀಟರ್ ಎತ್ತರದಲ್ಲಿ. ನನ್ನ ಮಟ್ಟಿಗೆ ಅಲ್ಲಿ ನೋಡಲೇಬೇಕಾದ್ದು ಚಿಲಕ. ಅದರ ಉದ್ದನೆಯ ಸರಳು ಬಾಗಿಲಿನಿಂದ ದೂರಕ್ಕೆ ಹೋಗಿ ಹೊರಗೋಡೆಯ ಗೂಡೊಳಗೆ ಕೂರುತ್ತದೆ, ಬೀಗ ಅಲ್ಲಿ. ಒಳಗಿನಿಂದ ಕೈ ಎಷ್ಟು ಚಾಚಿದರೂ ನಿಲುಕುವುದಿಲ್ಲ.

ಇನ್ನು ಮಾಯವಾದ ಸಾಲುಗಳು. 1941ರ ಭೂಕಂಪದಲ್ಲಿ ಕಟ್ಟಡಕ್ಕೆ ಪೆಟ್ಟು ಬಿತ್ತು. 1942ರಲ್ಲಿ ದ್ವೀಪ ಹಿಡಿದ ಜಪಾನಿಯರ ಕಾಲದಲ್ಲಿ ಎರಡು ಸಾಲು ನೆಲಸಮ. ಸ್ವಾತಂತ್ರ್ಯದ ನಂತರ ನಮ್ಮವರೇ ಇನ್ನೆರಡು ಕೆಡವಿದರು (ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ). ಹಿಂದಿನ ಕೈದಿಗಳು ಪಟ್ಟುಹಿಡಿದು ವಿರೋಧಿಸಿದ್ದಕ್ಕೆ ಉಳಿದ ಮೂರು ಸಾಲು, ಗೋಪುರ ಬಚಾವಾದವು. ಕೆಡವಿದ ಆವರಣದಲ್ಲೇ ಈಗ ಗೋವಿಂದ ವಲ್ಲಭ ಪಂತ್ ಆಸ್ಪತ್ರೆ ಇದೆ. ರಾಷ್ಟ್ರೀಯ ಸ್ಮಾರಕವಾಗಿ ಅರ್ಪಿಸಿದ್ದು 1979ರ ಫೆಬ್ರವರಿ 11ರಂದು, ಪ್ರಧಾನಿ ಮೊರಾರ್ಜಿ ದೇಸಾಯಿ.