ಅರ್ಜಿಯ ಆರನೆಯ ಸಾಲಿನಲ್ಲಿ ಉಕ್ಕುವ ಅಳು

ಪ್ರಶ್ನೆ: ಸಮಾಜಸೇವಾ ಸಂಸ್ಥೆಯೊಂದರಲ್ಲಿ ಕಾರ್ಯಕರ್ತರಿಗೆ ತರಬೇತಿ ಕೊಡುವ ಹೊಣೆ ನನ್ನದು. ಪಿಂಚಣಿ, ವಸತಿ, ವೃದ್ಧರ ಆರೈಕೆ, ಮಕ್ಕಳ ರಕ್ಷಣೆ ಎಂದು ಒಬ್ಬೊಬ್ಬರದು ಒಂದೊಂದು ಕೆಲಸ. ಯಾರೂ ಆಪ್ತ ಸಮಾಲೋಚಕರಲ್ಲ. ಆದರೂ ಮನೆಯವರನ್ನು ಕಳೆದುಕೊಂಡವರು ದಿನಕ್ಕೊಬ್ಬರಾದರೂ ಬಂದು ಎದುರಿಗೆ ಕೂರುತ್ತಾರೆ. ದುಃಖದ ಐದು ಹಂತಗಳ ಬಗ್ಗೆ ಎರಡು ದಿನಗಳ ಕಾರ್ಯಾಗಾರ ನಡೆಸಬೇಕೆಂದಿದ್ದೇನೆ. ಅಷ್ಟು ಸಾಕೇ?

ಉತ್ತರ: ಎರಡು ದಿನ ಇರಲಿ, ಐದು ಹಂತಗಳನ್ನು ಕೈಬಿಡಿ. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಈ ಪಟ್ಟಿಯನ್ನು ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಮುಂದಿಟ್ಟರು. ಅವರು ಮಾತನಾಡಿಸಿದ್ದು ವಾಸಿಯಾಗದ ಕಾಯಿಲೆಯಿಂದ ಸಾವಿಗೆ ಹತ್ತಿರವಾಗಿದ್ದವರನ್ನು. ಅವರ ಹಿಂದೆ ಉಳಿದವರಿಗೆ ಆ ಪಟ್ಟಿ ಅಂಟಿಕೊಂಡಿದ್ದು ಆಮೇಲೆ. ದುಃಖ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ ಎಂಬುದನ್ನು ನಂತರದ ಸಂಶೋಧನೆ ಎತ್ತಿಹಿಡಿಯಲಿಲ್ಲ. ಹಂತಗಳನ್ನು ಅಚ್ಚುಕಟ್ಟಾದ ಏಣಿಯಂತೆ ಓದಿಕೊಂಡದ್ದು ತಪ್ಪೆಂದು ಕೊನೆಗಾಲದಲ್ಲಿ ಕ್ಯೂಬ್ಲರ್-ರಾಸ್ ಅವರೇ ಹೇಳಿದರು. ಆದರೆ ಪಟ್ಟಿ ಬಾಯಿಪಾಠಕ್ಕೆ ಸುಲಭ, ಹಾಗಾಗಿ ತರಬೇತಿ ಕೊಠಡಿಗಳಿಂದ ಅದು ಅಲುಗುವುದಿಲ್ಲ.

ಅದರಿಂದ ಆಗುವ ಹಾನಿ ಸಣ್ಣದಲ್ಲ. ಒಂದೇ ದಾಖಲೆಗಾಗಿ ಮೂರು ಸಲ ಅಲೆದು ಬಂದ ಮಗ ಮೇಜು ಗುದ್ದುತ್ತಾನೆ. ಪಟ್ಟಿ ಕಲಿತ ಕಾರ್ಯಕರ್ತೆ ಮನಸ್ಸಿನಲ್ಲೇ 'ಇವರಿನ್ನೂ ಕೋಪದ ಹಂತದಲ್ಲಿದ್ದಾರೆ' ಎಂದು ಗುರುತು ಹಾಕಿಕೊಳ್ಳುತ್ತಾಳೆ. ಅವನ ಕೋಪಕ್ಕೆ ಕಾರಣ ಹಂತವಲ್ಲ, ಮೂರು ಸಲದ ಅಲೆದಾಟ.

ಅದರ ಬದಲು ದುಃಖದ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಮಂಡಿಸಿದ ದ್ವಿಮುಖ ಮಾದರಿಯನ್ನು ಅರ್ಧ ಗಂಟೆ ಹೇಳಿಕೊಡಿ, ಸಾಕು. ಅವರ ಪ್ರಕಾರ ದುಃಖಿತರ ಮನಸ್ಸು ಎರಡು ದಡಗಳ ನಡುವೆ ತೂಗಾಡುತ್ತಿರುತ್ತದೆ. ಒಂದು ದಡದಲ್ಲಿ ಅಗಲಿಕೆ, ನೆನಪು, ಹಂಬಲ. ಇನ್ನೊಂದರಲ್ಲಿ ಬಾಡಿಗೆ, ಮಗುವಿನ ಶಾಲೆ, ಇನ್ನು ಮುಂದೆ ಲೆಕ್ಕಪತ್ರ ನೋಡುವವರು ಯಾರು ಎಂಬ ಚಿಂತೆ. ಬೆಳಿಗ್ಗೆ ಈ ದಡ, ಮಧ್ಯಾಹ್ನ ಆ ದಡ. ಹಾಗೆ ಓಡಾಡುವುದೇ ಆರೋಗ್ಯ. ನಿಮ್ಮ ಜನರಿಗೆ ಇದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಅವರ ಕೆಲಸವೆಲ್ಲ ಎರಡನೆಯ ದಡದಲ್ಲಿಯೇ. 'ನಾವು ಬರೀ ಕಾಗದ ನೋಡುವವರು, ದುಃಖ ನೋಡುವವರು ಬೇರೆ' ಎಂಬ ಕೀಳರಿಮೆ ಸಮಾಜಕಾರ್ಯದಲ್ಲಿ ಬಹಳ ಹಳೆಯದು. ಪಿಂಚಣಿ ಸಕಾಲಕ್ಕೆ ಬರುವಂತೆ ಮಾಡುವುದು ದುಃಖದಿಂದ ಹೊರಗಿನ ಕೆಲಸವಲ್ಲ, ಅರ್ಧ ದುಃಖ ಇರುವುದೇ ಅಲ್ಲಿ.

ಆದ್ದರಿಂದ ಮೊದಲ ದಿನದ ಪಾಠಪುಸ್ತಕ ನಿಮ್ಮದೇ ಅರ್ಜಿ ನಮೂನೆಗಳಾಗಲಿ. ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಯಾವ ಸಾಲು ಚುಚ್ಚುತ್ತದೆ ಎಂದು ಕೆಂಪು ಪೆನ್ನಿನಲ್ಲಿ ಗುರುತು ಮಾಡಿಸಿ. ಹೆಸರು, ವಿಳಾಸ, ವಯಸ್ಸು ಎಲ್ಲ ಸಲೀಸಾಗಿ ಹೇಳಿದ ಹೆಂಗಸು ಆರನೆಯ ಸಾಲಿನ 'ವೈವಾಹಿಕ ಸ್ಥಿತಿ'ಗೆ ಬಂದಾಗ ಕುಸಿಯುತ್ತಾಳೆ. 'ವಿಧವೆ' ಎಂಬ ಪದವನ್ನು ತನ್ನ ಬಗ್ಗೆ ತಾನೇ ಹೇಳಿಕೊಳ್ಳಬೇಕಾಗಿ ಬಂದದ್ದು ಆಕೆಗೆ ಬಹುಶಃ ಅದೇ ಮೊದಲು. 'ಮಕ್ಕಳೆಷ್ಟು?' ಎನ್ನುವುದು ಇನ್ನೂ ಕಠಿಣ. ಮೂವರಲ್ಲಿ ಒಬ್ಬಳನ್ನು ಕಳೆದುಕೊಂಡ ತಾಯಿ ಎರಡು ಎನ್ನಬೇಕೋ ಮೂರು ಎನ್ನಬೇಕೋ? ಎರಡು ಎಂದರೆ ಮಗಳಿಗೆ ದ್ರೋಹ, ಮೂರು ಎಂದರೆ ಅರ್ಜಿಗೆ ಸುಳ್ಳು. ಇಂಥ ಕಡೆ ಕಾರ್ಯಕರ್ತರ ಬಾಯಲ್ಲಿ ಒಂದು ವಾಕ್ಯ ಸಿದ್ಧವಿರಬೇಕು: 'ಈ ಕಾಗದಕ್ಕೆ ಈಗ ಜೊತೆಯಲ್ಲಿರುವ ಮಕ್ಕಳ ಲೆಕ್ಕ ಮಾತ್ರ ಬೇಕು, ಎರಡು ಎಂದು ಬರೆಯುತ್ತೇನೆ. ಅವಳ ಹೆಸರೇನು?' ಕೇಳಿದ ಮೇಲೆ ಪೆನ್ನು ಕೆಳಗಿಟ್ಟು ಕೇಳಿಸಿಕೊಳ್ಳಬೇಕು. ಐದು ನಿಮಿಷದ ಕೆಲಸ. ಕಾರ್ಯಾಗಾರದಲ್ಲಿ ಈ ಸನ್ನಿವೇಶವನ್ನು ಆಡಿಸಿ ನೋಡಿದರೆ ತಿಳಿಯುತ್ತದೆ, ಪೆನ್ನು ಕೆಳಗಿಡುವುದು ಎಷ್ಟು ಕಷ್ಟವೆಂದು.

ಇನ್ನು ಮಾತು. 'ಧೈರ್ಯ ತಂದುಕೊಳ್ಳಿ', 'ನರಳದೆ ಹೋದರಲ್ಲ, ಅದೇ ಸಮಾಧಾನ', 'ನಿಮ್ಮ ನೋವು ನನಗೆ ಅರ್ಥವಾಗುತ್ತದೆ' ಇವೆಲ್ಲ ಹೇಳುವವರ ಮುಜುಗರವನ್ನು ಕಡಿಮೆ ಮಾಡುವ ಮಾತುಗಳು. 'ಏನು ಬೇಕಿದ್ದರೂ ಕೇಳಿ' ಎಂಬುದೂ ಅಷ್ಟೇ. ಏನು ಬೇಕೆಂದು ಹುಡುಕುವ ಕೆಲಸವನ್ನು, ನಿಲ್ಲಲೂ ತ್ರಾಣವಿಲ್ಲದವರ ತಲೆಗೆ ಅದು ಕಟ್ಟುತ್ತದೆ. 'ಗುರುವಾರ 11 ಗಂಟೆಗೆ ನಾನೇ ಫೋನ್ ಮಾಡುತ್ತೇನೆ' ಎನ್ನಲಿ, ಮಾಡಲಿ. ಮರೆತರೆ ಹೇಳದೇ ಇದ್ದುದಕ್ಕಿಂತ ಕೆಟ್ಟದಾಗುತ್ತದೆ.

'ಸತ್ತರು' ಎಂಬ ಪದಕ್ಕೆ ಹೆದರಬಾರದು. ಚಿಕ್ಕ ಮಕ್ಕಳ ಹತ್ತಿರವಂತೂ 'ಮಲಗಿದ್ದಾರೆ', 'ದೂರ ಹೋಗಿದ್ದಾರೆ' ಎನ್ನಲೇಬಾರದು. ಅವರು ಮಾತನ್ನು ಅಕ್ಷರಶಃ ನಂಬುತ್ತಾರೆ. ನಿದ್ದೆಗೇ ಹೆದರುವ ಮಕ್ಕಳಿದ್ದಾರೆ, ಬಾಗಿಲು ಕಾಯುವ ಮಕ್ಕಳೂ ಇದ್ದಾರೆ. ಅಂದಹಾಗೆ, ಕಣ್ಣೀರು ಕಂಡೊಡನೆ ಟಿಶ್ಯೂ ಪೆಟ್ಟಿಗೆಯನ್ನು ಮುಂದೆ ತಳ್ಳುವ ಅಭ್ಯಾಸವನ್ನೂ ಬಿಡಿಸಿ. 'ಒರೆಸಿಕೊಳ್ಳಿ, ಸಾಕು' ಎಂದಂತೆ ಅದು ಕೇಳಿಸುತ್ತದೆ. ಕೈಗೆಟಕುವಂತೆ ಮೊದಲೇ ಇಟ್ಟಿದ್ದರೆ ಬೇಕಾದವರು ತೆಗೆದುಕೊಳ್ಳುತ್ತಾರೆ.

ಎರಡು ದಿನಗಳನ್ನು ಒಟ್ಟಿಗೆ ಇಡಬೇಡಿ. ಮೊದಲ ದಿನದ ನಂತರ ಆರು ವಾರ ಬಿಡಿ. ಅಷ್ಟರಲ್ಲಿ ಎಲ್ಲರೂ ಒಮ್ಮೆಯಾದರೂ ಎಡವಿರುತ್ತಾರೆ, ಎರಡನೆಯ ದಿನಕ್ಕೆ ಅದೇ ಪಾಠ.

ಪ್ರಶ್ನೆ: ಯಾರನ್ನು ಮನೋವೈದ್ಯರ ಬಳಿಗೆ ಕಳುಹಿಸಬೇಕು, ಯಾರನ್ನು ಕಳುಹಿಸಬಾರದು ಎಂದು ಕಾರ್ಯಕರ್ತರಿಗೆ ಹೇಗೆ ತಿಳಿಯಬೇಕು?

ಉತ್ತರ: ಹೆಚ್ಚಿನವರನ್ನು ಎಲ್ಲಿಗೂ ಕಳುಹಿಸಬೇಕಿಲ್ಲ. ಬಂಧುಗಳು, ಗೆಳೆಯರು, ಸರಿಯಾದ ಮಾಹಿತಿ ಇಷ್ಟಿದ್ದರೆ ಬಹುತೇಕರು ತಾವಾಗಿಯೇ ಬದುಕನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಸಾವು ಕಂಡವರೆಲ್ಲರಿಗೂ ಕಡ್ಡಾಯವಾಗಿ ಸಮಾಲೋಚನೆ ಮಾಡಿಸುವುದರಿಂದ ಲಾಭ ಕಂಡುಬಂದಿಲ್ಲ. ಆಗುವ ಪ್ರಯೋಜನ, ನಿಜವಾಗಿ ಸಿಕ್ಕಿಹಾಕಿಕೊಂಡವರಿಗೆ ಮಾತ್ರ.

ಹಾಗೆ ಸಿಕ್ಕಿಹಾಕಿಕೊಂಡ ಸ್ಥಿತಿಗೆ ಈಗ ದೀರ್ಘಕಾಲೀನ ದುಃಖದ ಕಾಯಿಲೆ ಎಂಬ ಹೆಸರಿದೆ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೆಯ ಆವೃತ್ತಿ ಕನಿಷ್ಠ 6 ತಿಂಗಳ ಅವಧಿ ಹೇಳುತ್ತದೆ. ಅದೇ ವರ್ಷ ಅಮೆರಿಕದ ಮನೋವೈದ್ಯರ ಸಂಘ ಪರಿಷ್ಕರಿಸಿದ ರೋಗನಿರ್ಣಯದ ಕೈಪಿಡಿ ದೊಡ್ಡವರಿಗೆ 12 ತಿಂಗಳು, ಮಕ್ಕಳಿಗೆ 6 ತಿಂಗಳು ಎನ್ನುತ್ತದೆ. ಕ್ಯಾಲೆಂಡರ್ ಒಂದೇ ಸಾಲದು: ಬಿಡದ ಹಂಬಲ ಅಥವಾ ಸತ್ತವರದೇ ಧ್ಯಾನ, ಅದರಿಂದ ದಿನದ ಬದುಕು ನಿಂತುಹೋಗಿರುವುದು, ಆ ಸಮಾಜದ ರೂಢಿಯ ಮಿತಿಯನ್ನೂ ಮೀರಿರುವುದು, ಇವೆಲ್ಲ ಸೇರಬೇಕು. ತೀರ್ಮಾನ ವೈದ್ಯರದು, ಗಮನಿಸಿ ತಿಳಿಸುವುದಷ್ಟೇ ನಿಮ್ಮವರದು.

ಕಾಯಲೇಬಾರದ ಸಂದರ್ಭ ಒಂದಿದೆ. 'ನಾನೂ ಅವರ ಹತ್ತಿರ ಹೋಗಿಬಿಡಬೇಕು' ಎಂಬ ಮಾತು ದುಃಖದಲ್ಲಿ ಅಪರೂಪವಲ್ಲ, ಎಲ್ಲ ಸಲವೂ ಅದು ಆತ್ಮಹತ್ಯೆಯ ಯೋಚನೆಯೂ ಅಲ್ಲ. ಊಹೆಗೆ ಬಿಡದೆ ನೇರವಾಗಿ ಕೇಳಬೇಕು: 'ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೇ? ಹೇಗೆ, ಯಾವಾಗ ಎಂದೂ ಯೋಚಿಸಿದ್ದೀರಾ?' ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ, ಅಂದೇ, ತಜ್ಞರ ಕೈಗೆ ಒಪ್ಪಿಸಬೇಕು.

ಕಣ್ಣಿಗೇ ಬೀಳದವರ ಬಗ್ಗೆಯೂ ಎಚ್ಚರವಿರಲಿ. ಮದುವೆಯಾಗದೆ ಜೊತೆಯಲ್ಲಿದ್ದವರು, ವಿಚ್ಛೇದಿತ ಪತ್ನಿ, ಗರ್ಭಪಾತವಾದವಳು, ಹತ್ತು ವರ್ಷ ರೋಗಿಯ ಮೈ ತೊಳೆದ ಸಂಬಳದ ಆರೈಕೆಗಾರ್ತಿ. ಸಮಾಜ ಲೆಕ್ಕಕ್ಕೇ ಹಿಡಿಯದ ಇಂಥವರ 'ಹಕ್ಕಿಲ್ಲದ ದುಃಖ'ಕ್ಕೆ ಸಂಶೋಧಕ ಕೆನೆತ್ ಡೋಕಾ 1989ರಲ್ಲಿ ಹೆಸರು ಕೊಟ್ಟರು. 'ಮೃತರಿಗೂ ನಿಮಗೂ ಏನು ಸಂಬಂಧ' ಎಂಬ ಸಾಲಿನಲ್ಲಿ ಇವರಿಗೆ ಬರೆಯಲು ಏನೂ ಇರುವುದಿಲ್ಲ. 'ಅವರನ್ನು ನೀವು ಹೇಗೆ ಬಲ್ಲಿರಿ?' ಎಂದು ಕೇಳಿದರೆ ಇರುತ್ತದೆ.

ಪ್ರಶ್ನೆ: ನಾನು ಹೊಸ ಕಾರ್ಯಕರ್ತೆ. ಮಗನನ್ನು ಕಳೆದುಕೊಂಡ ತಂದೆಯ ಎದುರು ನನಗೂ ಅಳು ಬಂತು. ವೃತ್ತಿಗೆ ತಕ್ಕುದಲ್ಲ ಎಂದು ಮೇಲ್ವಿಚಾರಕರು ಗದರಿದರು. ನಾನು ಮಾಡಿದ್ದು ತಪ್ಪೇ?

ಉತ್ತರ: ಅಲ್ಲ. ಅಳೆಯಬೇಕಾದ್ದು ಒಂದನ್ನೇ: ಆ ತಂದೆ ಮಗನ ಮಾತು ಮುಂದುವರಿಸಿದರೇ, ಅಥವಾ ಅದನ್ನು ಬಿಟ್ಟು ನಿಮ್ಮನ್ನು ಸಮಾಧಾನ ಮಾಡಲು ತೊಡಗಿದರೇ? ಎರಡನೆಯದಾಗಿದ್ದರೆ ಮುಂದಿನ ಸಲ ಒಂದು ಕ್ಷಣ ಎದ್ದು ನೀರು ಕುಡಿದು ಬನ್ನಿ, ಕಾರಣವನ್ನು ಮುಚ್ಚಿಡಬೇಡಿ. ಗದರಿದವರನ್ನು ನಾನು ಕೇಳುವುದಿಷ್ಟು: ಆ ಭೇಟಿಯ ನಂತರ ಹತ್ತು ನಿಮಿಷ ಇವರ ಜೊತೆ ಕೂತು ಮಾತನಾಡಿದಿರಾ, ಅಥವಾ ತಕ್ಷಣ ಇನ್ನೊಂದು ಕಡತ ಕೊಟ್ಟಿರಾ? ಮತ್ತೆ ನಿಮಗೆ: ನಿಮ್ಮ ಮನೆಯಲ್ಲೇ ಇತ್ತೀಚೆಗೆ ಸಾವಾಗಿದ್ದರೆ ಇಂಥ ಭೇಟಿಗಳನ್ನು ಕೆಲವು ತಿಂಗಳು ಬೇರೆಯವರಿಗೆ ವಹಿಸಿ ಎಂದು ಕೇಳಿಕೊಳ್ಳಿ. ಲಿಖಿತವಾಗಿ ಕೇಳಿದರೆ ಒಳ್ಳೆಯದು.