ಕ್ರೀಮ್ ಇಲ್ಲದೆ ಮೀನಿನ ಕ್ರೀಮಿ ಪಾಸ್ತಾ ಮಾಡೋದು ಹೆಂಗ?

ಆಗತೈತ್ರಿ, ಹಾಲು ಸಾಕು. ಶೇ. 25 ಕೊಬ್ಬಿನ 200 ಮಿ.ಲೀ. ಕ್ರೀಮಿನಲ್ಲಿ 50 ಗ್ರಾಂ ಕೊಬ್ಬು, 250 ಮಿ.ಲೀ. ಟೋನ್ಡ್ ಹಾಲಿನಲ್ಲಿ ಎಂಟು ಗ್ರಾಮೂ ಇಲ್ಲ.

ಇಬ್ಬರಿಗೆ 150 ಗ್ರಾಂ ಪಾಸ್ತಾ ಬೇಯಿಸಿ, ಬೆಂದ ನೀರು ಒಂದು ಲೋಟ ತೆಗೆದಿಡ್ರಿ. ಹುಬ್ಬಳ್ಳಿಗೆ ಕಾರವಾರದ ಕಡೆಯಿಂದ ಬರುವ ಸುರಮೈ 200 ಗ್ರಾಂ ತಂದು, ಮುಳ್ಳು ಬಿಡಿಸಿ, ಒಂದು ಚಮಚ ಎಣ್ಣೆಯಲ್ಲಿ ಎರಡೂ ಬದಿ ಎರಡೆರಡು ನಿಮಿಷ ಹುರಿದು ಎತ್ತಿಡ್ರಿ. ಹೆಚ್ಚು ಹುರಿದರೆ ನಾರುನಾರಾಗತೈತಿ. ಅದೇ ಬಾಣಲೆಯಲ್ಲಿ ಬೆಳ್ಳುಳ್ಳಿ ಬಾಡಿಸಿ, ಆ 250 ಮಿ.ಲೀ. ತಣ್ಣನೆ ಹಾಲಿನಲ್ಲಿ ಕದಡಿದ ಎರಡು ಟೀ ಚಮಚ ಕಾರ್ನ್‌ಫ್ಲೋರ್ ಸುರುವಿ ಕೈಯಾಡಿಸ್ರಿ. ಸೌಟಿನ ಬೆನ್ನಿಗೆ ಹತ್ತಿಕೊಂಡಾಗ ಒಲೆ ಆರಿಸಿ, ಆಮೇಲೆ ಮೂರು ಚಮಚ ಬಟ್ಟೆಯಲ್ಲಿ ಸೋಸಿದ ಗಟ್ಟಿ ಮೊಸರು. ಕುದಿಯುವಾಗ ಹಾಕಿದರೆ ಒಡೆದು ಕಾಳುಕಾಳಾಗತೈತಿ. ಹುಳಿ ಮೊಸರಂತೂ ಬ್ಯಾಡವೇ ಬ್ಯಾಡ. ಪಾಸ್ತಾ, ಮೀನು ಬೆರೆಸಿ, ಬಿಗಿ ಅನ್ನಿಸಿದರೆ ತೆಗೆದಿಟ್ಟ ನೀರು ಸ್ವಲ್ಪ ಹಾಕ್ರಿ. ಮೆಣಸಿನಪುಡಿ, ಕೊತ್ತಂಬರಿ ಮೇಲೆ.