ಏಜೆಂಟನಿಗೆ ಒಂದು ರೂಪಾಯಿಯೂ ಕೊಡಬೇಡ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ ಕೊಡಿಸ್ತೀನಿ ಅಂತ ಮಂಡ್ಯದಲ್ಲಿ ಒಬ್ಬ ಏಜೆಂಟ್ 2 ಲಕ್ಷ ಕೇಳುತ್ತಿದ್ದಾನೆ, ಕೊಡಲಾ? ಬಂದ ಮೇಲೆ ಅಲ್ಲೇ ಸೆಟ್ಲ್ ಆಗಬಹುದಾ? ಇವೆರಡೇ ತಾನೆ ನಿನ್ನ ಪ್ರಶ್ನೆ.

ಕೊಡಬೇಡ. ಇದು 462 ಅನ್ನುವ ವೀಸಾ. 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಎರಡು ದೇಶಗಳ ವ್ಯಾಪಾರ ಒಪ್ಪಂದದಲ್ಲಿ ಭಾರತಕ್ಕೆ ವರ್ಷಕ್ಕೆ 1000 ಜಾಗ ಸಿಕ್ಕಿದವು. 2024ರ ಅಕ್ಟೋಬರಿನಲ್ಲಿ ಬಾಗಿಲು ತೆರೆದದ್ದೇ ತಡ, ಸಾವಿರಾರು ಜನ ಮುಗಿಬಿದ್ದರು. ಅದಕ್ಕೇ ಚೀಟಿ ಎತ್ತುತ್ತಾರೆ. ಚೀಟಿಗೆ ಹೆಸರು ಕೊಡಲು 25 ಆಸ್ಟ್ರೇಲಿಯನ್ ಡಾಲರ್, ಪಾಸ್‌ಪೋರ್ಟು, ಪ್ಯಾನ್ ಕಾರ್ಡು ಸಾಕು. ಆನ್‌ಲೈನಲ್ಲಿ ನೀನೇ ತುಂಬಬಹುದು. ಚೀಟಿ ಎತ್ತುವುದು ಕಂಪ್ಯೂಟರು, ಅದಕ್ಕೆ ಮಂಡ್ಯದಲ್ಲಿ ಯಾರ ಪರಿಚಯವೂ ಇಲ್ಲ ಅಲ್ವಾ?

ಹೆಸರು ಬಂದರೆ 28 ದಿನದೊಳಗೆ ವೀಸಾ ಅರ್ಜಿ ಹಾಕಬೇಕು. ಅದರ ಫೀಸು 600 ಡಾಲರ್ ಮೀರುತ್ತದೆ. ಕೈಯಲ್ಲಿ ಸುಮಾರು 5000 ಡಾಲರ್, ಜೊತೆಗೆ ವಾಪಸ್ ಟಿಕೆಟ್ಟಿನ ದುಡ್ಡು ಇರಬೇಕು. ವಯಸ್ಸು 18ರಿಂದ 30. ಪಿಯುಸಿ ಆದ ಮೇಲೆ ಎರಡು ವರ್ಷವಾದರೂ ಓದಿರಬೇಕು, ನಿನ್ನ ಬಿ.ಕಾಂ. ಸಾಕು.

ಇನ್ನು ಸೆಟ್ಲ್ ಆಗುವ ಮಾತು. ಈ ವೀಸಾ ಒಂದು ವರ್ಷಕ್ಕೆ, ಇಲ್ಲಿ ಕಾಯಂ ಆಗಿ ಇರಲು ಬೇಕಾದ ಪಿಆರ್‌ಗೆ ಇದು ದಾರಿಯಲ್ಲ. ಒಬ್ಬ ಮಾಲೀಕನ ಹತ್ತಿರ ಸಾಮಾನ್ಯವಾಗಿ ಆರು ತಿಂಗಳಿಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಆರು ತಿಂಗಳಿಗೆ ಹೋಗುವವನಿಗೆ ಆಫೀಸಿನ ಕೆಲಸ ಯಾರು ಕಲಿಸುತ್ತಾರೆ ಹೇಳು? ಸಿಗುವುದು ಕೆಫೆ, ಹೋಟೆಲು, ತೋಟ. ಹಳ್ಳಿಗಾಡಿನಲ್ಲಿ, ಸರ್ಕಾರ ಹೇಳಿದಂಥ ಕೆಲಸ ಮೂರು ತಿಂಗಳು ಮಾಡಿದರೆ ಎರಡನೇ ವರ್ಷಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಚೀಟಿ ಇಲ್ಲ.

ಮಂಡ್ಯದ ಹುಡುಗ, ಕಬ್ಬಿನ ಗದ್ದೆ ಗೊತ್ತು ಅಂದುಕೊಂಡು ಬಂದೀಯ! ಇಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲೂ ಕಣ್ಣು ಹಾಯಿಸಿದಷ್ಟು ದೂರ ಕಬ್ಬೇ, ಆದರೆ ಕಡಿಯುವುದು ಮಷೀನು. ಕೈಗೆ ಸಿಗುವುದು ಟೊಮೆಟೊ, ಗೆಣಸು. ನಾನು ಓದಲು ಬಂದಾಗ ರಜೆಯಲ್ಲಿ ಬಂಡಬರ್ಗ್ ಹತ್ತಿರ ಟೊಮೆಟೊ ಬಿಡಿಸಿದ್ದೆ. ಕೂಲಿ ಬಕೆಟ್ ಲೆಕ್ಕ. ಮೇಸ್ತ್ರಿ ರೂಮಿನ ಬಾಡಿಗೆ, ವ್ಯಾನಿನ ಬಾಡಿಗೆ ಎಲ್ಲಾ ಹಿಡಿದುಕೊಂಡ ಮೇಲೆ ಮೊದಲ ವಾರ ಉಳಿದದ್ದು 40 ಡಾಲರ್. ಸೊಂಟ ನೋವು ಬೇರೆ. ಅಮ್ಮನಿಗೆ ಫೋನಿನಲ್ಲಿ ಲೈಬ್ರರಿಯಲ್ಲಿ ಇದ್ದೀನಿ ಅಂದಿದ್ದೆ. 2022ರಿಂದ ಕಾನೂನು ಬದಲಾಗಿದೆ, ಬಕೆಟ್ ಲೆಕ್ಕದಲ್ಲಿ ಕೊಟ್ಟರೂ ಗಂಟೆಯ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ. ಆದರೂ ಪ್ರತಿ ವಾರ ಪೇಸ್ಲಿಪ್ ಕೇಳಿ ಇಟ್ಟುಕೋ. ಅದಿಲ್ಲದೆ ಆ ಮೂರು ತಿಂಗಳನ್ನು ಸಾಬೀತು ಮಾಡುವುದು ಕಷ್ಟ.

ತೆರಿಗೆ ಮೊದಲ ಡಾಲರಿನಿಂದಲೇ 15 ಪರ್ಸೆಂಟ್. ಮಾಲೀಕ ಕಟ್ಟುವ ಸೂಪರ್, ಅಂದರೆ ನಮ್ಮ ಪಿಎಫ್ ಥರದ್ದು, ಊರಿಗೆ ಹೊರಟಾಗ ವಾಪಸ್ ಕೇಳಿದರೆ 65 ಪರ್ಸೆಂಟ್ ತೆರಿಗೆಗೇ ಹೋಗುತ್ತದೆ. ಅದನ್ನು ಉಳಿತಾಯ ಅಂತ ಲೆಕ್ಕ ಹಾಕಬೇಡ.

ಸಾಲ ಮಾಡದೆ ಬರುವಂತಿದ್ದರೆ ಬಾ. ಒಂದು ವರ್ಷ ದುಡಿ, ಊರು ಸುತ್ತು. ಸಮುದ್ರ ಚೆನ್ನಾಗಿದೆ. ಬ್ರಿಸ್ಬೇನಿಗೆ ಇಳಿದರೆ ಮೊದಲ ವಾರ ನಮ್ಮನೆಯಲ್ಲೇ ಇರು. ಸಾಲ ಮಾಡಬೇಕಾದರೆ ಬರಬೇಡ.

ಆ ಏಜೆಂಟ್ ಹತ್ತಿರ ಪಾಸ್‌ಪೋರ್ಟ್ ಏನಾದರೂ ಕೊಟ್ಟಿದ್ದೀಯಾ? ಕೊಟ್ಟಿದ್ದರೆ ಇವತ್ತೇ ಹೋಗಿ ಇಸ್ಕೊಂಡು ಬಾ.